ರಾಜಕಾಲುವೆ ಪಕ್ಕ ಕೂರುವ ಕಿತ್ತಳೆ ಏರೋಪ್ಲೇನ್ ಚಿಟ್ಟೆ ಯಾವುದು?

ಹಿತ್ತಲಮನೆ:
ನಮ್ಮ ಮನೆ ಹಿಂದೆ ರಾಜಕಾಲುವೆ ಇದೆ. ನೀರು ಹೇಗಿರುತ್ತದೆ ಅಂತ ಬೆಂಗಳೂರಿನವರಿಗೆ ಹೇಳಬೇಕಿಲ್ಲ. ಅದರ ದಂಡೆಯ ಹುಲ್ಲುಕಡ್ಡಿ ಮೇಲೆ ಪುಟ್ಟದೊಂದು ಏರೋಪ್ಲೇನ್ ಚಿಟ್ಟೆ ಕೂರುತ್ತದೆ. ಮೈಯೂ ಕಿತ್ತಳೆ, ರೆಕ್ಕೆಯೂ ಕಿತ್ತಳೆ. ರೆಕ್ಕೆಯ ತುದಿ ಮಾತ್ರ ಬಣ್ಣವಿಲ್ಲದೆ ತಿಳಿಯಾಗಿದೆ. ಓಡಿಸಿದರೆ ಒಂದು ಸುತ್ತು ಹೊಡೆದು ಮತ್ತೆ ಅದೇ ಕಡ್ಡಿಗೆ ವಾಪಸ್. ಇದು ಬಂದಿದೆ ಅಂದ್ರೆ ನೀರು ಚೊಕ್ಕವಾಗಿದೆ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ನನ್ನ ಮೂಗು ಒಪ್ಪುತ್ತಿಲ್ಲ. ಯಾವ ಜಾತಿ ಇದು?

ಮಳೆಹುಚ್ಚ:
ಮಳೆಗಾಲ ಮುಗಿಯುವಾಗ ಮೈದಾನದಲ್ಲಿ ಗುಂಪುಗುಂಪಾಗಿ ಹಾರುತ್ತವಲ್ಲ, ಅವೇ ಅಲ್ವಾ?

ಕೆರೆ ಏರಿ:
ಅಲ್ಲ ಮಾರಾಯ್ರೇ, ಅವು ವಾಂಡರಿಂಗ್ ಗ್ಲೈಡರ್. ಹಿಂದೂ ಮಹಾಸಾಗರ ದಾಟಿ ಆಫ್ರಿಕಾಕ್ಕೆ ಹೋಗುವಂಥವು, ಹಗಲೆಲ್ಲಾ ಗಾಳಿಯಲ್ಲೇ ಇರುತ್ತವೆ. ದಣಿದರೆ ಕೊಂಬೆಗೆ ಜೋತುಬೀಳುತ್ತವೆ. ಕಡ್ಡಿ ಬಿಟ್ಟುಕೊಡದ ನಿಮ್ಮ ಅತಿಥಿ ಡಿಚ್ ಜ್ಯುವೆಲ್, ಗಂಡು. ವಿಜ್ಞಾನದ ಹೆಸರು ಬ್ರಾಕಿಥೆಮಿಸ್ ಕಂಟಾಮಿನೇಟಾ. 1793ರಲ್ಲೇ ಫ್ಯಾಬ್ರಿಷಿಯಸ್ ಇದನ್ನು ದಾಖಲಿಸಿದ್ದ. ಬಾಲದಂತೆ ಕಾಣುವ ಹೊಟ್ಟೆ 2 ಸೆಂ.ಮೀ. ಆಸುಪಾಸು, ಅಷ್ಟೇ.

ಪಕ್ಕದ ಮನೆಯವರ ಮಾತು ಪೂರ್ತಿ ಸುಳ್ಳಲ್ಲ. ಮಲೆನಾಡಿನ ತಿಳಿ ಹಳ್ಳ ಬಿಟ್ಟು ಬೇರೆಲ್ಲೂ ಬದುಕದ ಜಾತಿಗಳಿವೆ. ಆದರೆ ಇದನ್ನು ನೋಡಿ ನೀರಿಗೆ ಸರ್ಟಿಫಿಕೇಟ್ ಕೊಡಬೇಡಿ. ಚರಂಡಿ, ಕೊಳಚೆ, ನೊರೆ ತುಂಬಿದ ಕೆರೆ, ಎಲ್ಲವೂ ಇದಕ್ಕೆ ನಡೆಯುತ್ತದೆ. ಬೇರೆಯವು ಜಾಗ ಖಾಲಿ ಮಾಡಿದ ಮೇಲೂ ಇದು ಉಳಿಯುತ್ತದೆ. ಕೆರೆಯಲ್ಲಿ ಇದೊಂದೇ ಕಂಡರೆ ನನಗಂತೂ ಅನುಮಾನ ಶುರುವಾಗುತ್ತದೆ.

ಅಲ್ಲೇ ಹುಲ್ಲಿನಲ್ಲಿ ಹೆಣ್ಣನ್ನೂ ಹುಡುಕಿ. ಹಸಿರು ಬೆರೆತ ಮಾಸಲು ಹಳದಿ ಮೈ, ಬಣ್ಣವಿಲ್ಲದ ರೆಕ್ಕೆ. ಬೇರೆ ಜಾತಿ ಅಂತಲೇ ಅನಿಸುತ್ತದೆ. ರೆಕ್ಕೆಯ ಮುಂದಿನ ಅಂಚಿನಲ್ಲಿ, ತುದಿ ಹತ್ತಿರ, ತುಕ್ಕು ಬಣ್ಣದ ಪುಟ್ಟ ಚುಕ್ಕೆ ಇದೆಯಾ ನೋಡಿ.

ಹಸಿರುಬೇಲಿ:
ಸ್ವಲ್ಪ ಗುಲಾಬಿ ಕಂಡರೆ ಅದು ಕ್ರಿಮ್ಸನ್ ಮಾರ್ಷ್ ಗ್ಲೈಡರ್. ಅದರಲ್ಲಿ ರೆಕ್ಕೆಯ ಬುಡಕ್ಕೆ ಮಾತ್ರ ಬಣ್ಣ, ನರಗಳು ಕೆಂಪು.

ಹಿತ್ತಲಮನೆ:
ಗುಲಾಬಿ ಇಲ್ಲ, ಪಕ್ಕಾ ಕಿತ್ತಳೆ. ಮಾಸಲು ಹಳದಿಯದೂ ಸಿಕ್ಕಿತು, ಚುಕ್ಕೆ ಇದೆ! ಇವು ಸೊಳ್ಳೆ ತಿನ್ನುತ್ತವಾ?

ಕೆರೆ ಏರಿ:
ತಿನ್ನುತ್ತವೆ. ನೀರೊಳಗಿರುವ ಇದರ ಮರಿಗಳೂ ಸೊಳ್ಳೆಮರಿ ಹಿಡಿಯುತ್ತವೆ. ಆದರೆ ಚರಂಡಿಯಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಕಚ್ಚುವುದು ರಾತ್ರಿ. ಆಗ ಇವೂ ಮಲಗಿರುತ್ತವೆ. ಸೊಳ್ಳೆಪರದೆ ಬಿಚ್ಚಬೇಡಿ.