ಅಪ್‌ಡೇಟ್: ಎಚ್‌ಪಿ 48ಜಿ ಪರದೆಯಲ್ಲಿ ಮೂಡದ ಸಾಲು
ಸರ್ವೆ ಕೆಲಸದಲ್ಲಿದ್ದ ಚಿಕ್ಕಪ್ಪನವರು ಕೊಟ್ಟ ಎಚ್‌ಪಿ 48ಜಿ ಕ್ಯಾಲ್ಕುಲೇಟರಿನ ಪರದೆಯ ಎಡಭಾಗದಲ್ಲಿ ಒಂದು ಲಂಬ ಸಾಲು ಮೂಡುತ್ತಿಲ್ಲ, ದೋಷ ಪ್ರೋಗ್ರಾಮಿನದೋ ಯಂತ್ರದ್ದೋ ಎಂದು ಕೇಳಿದ್ದೆ. ‘ಆನ್’ ಜೊತೆಗೆ ‘ಇ’ ಒತ್ತಲು ಹೇಳಿದವರಿಗೆ ಧನ್ಯವಾದಗಳು.

ಪರದೆಯ ಕೆಳಗಿನ ಮೊದಲ ಸಾಲಿನ ಆರು ಗುಂಡಿಗಳೇ ‘ಎ’ಯಿಂದ ‘ಎಫ್’ವರೆಗಿನವು. ‘ಆನ್’ ಹಿಡಿದುಕೊಂಡು ಐದನೆಯದನ್ನು ಒತ್ತಿ ಬಿಟ್ಟ ಕೂಡಲೇ ಸ್ವಯಂಪರೀಕ್ಷೆ ಆರಂಭವಾಗಿ, ಅಡ್ಡಗೆರೆಗಳು, ಲಂಬಗೆರೆಗಳು, ಖಾಲಿ ಪರದೆ, ಬಳಿಕ ರಾಗಿ ಚೆಲ್ಲಿದಂತಹ ಚುಕ್ಕಿಗಳು ಕಾಣಿಸಿಕೊಂಡವು. 131×64 ಚುಕ್ಕಿಗಳ ಆ ಪರದೆಯಲ್ಲಿ ಯಾವ ವಿನ್ಯಾಸ ಬಂದರೂ ಅದೇ ಸಾಲು ಬೋಳಾಗಿಯೇ ಉಳಿದದ್ದರಿಂದ, ಪ್ರೋಗ್ರಾಮಿನ ಮೇಲಿದ್ದ ಅನುಮಾನ ಅಲ್ಲಿಗೇ ತೀರಿತು. ‘ಆನ್’ ಹಿಡಿದು ಕೂಡುವ ಗುಂಡಿ ಒತ್ತಿ ಕಪ್ಪು ಹೆಚ್ಚಿಸಿದಾಗಲೂ ಉಳಿದದ್ದೆಲ್ಲ ದಟ್ಟವಾಯಿತೇ ಹೊರತು ಆ ಸಾಲಿನಲ್ಲಿ ಬದಲಾವಣೆ ಕಾಣಲಿಲ್ಲ. ಪರೀಕ್ಷೆಯಿಂದ ಹೊರಬರಲು ‘ಆನ್’ ಮತ್ತು ‘ಸಿ’ ಸಾಕು. ಸ್ಟ್ಯಾಕ್, ಅಂದರೆ ಲೆಕ್ಕಕ್ಕೆಂದು ಸದ್ಯಕ್ಕೆ ಒಂದರ ಮೇಲೊಂದು ಪೇರಿಸಿಟ್ಟ ಸಂಖ್ಯೆಗಳ ಪಟ್ಟಿ, ಖಾಲಿಯಾಗುತ್ತದೆ, ಉಳಿಸಿಟ್ಟ ಪ್ರೋಗ್ರಾಮುಗಳು ಹಾಗೆಯೇ ಇರುತ್ತವೆ.

‘ಆನ್’, ‘ಎ’, ‘ಎಫ್’ ಮೂರನ್ನೂ ಒತ್ತಿರಿ ಎಂಬ ಇನ್ನೊಂದು ಸಲಹೆಯನ್ನು ನಾನು ಬೇಕೆಂದೇ ಪಾಲಿಸಲಿಲ್ಲ. ಅದು ಮೆಮೊರಿ ಅಳಿಸುವ ಕ್ರಮ. ಪರದೆಯ ತೊಂದರೆಗೆ ಚಿಕ್ಕಪ್ಪನವರ ಸರ್ವೆ ಲೆಕ್ಕಗಳನ್ನು ಬಲಿಕೊಡುವುದು ನನಗೆ ಸರಿಯೆನಿಸಲಿಲ್ಲ.

ತುಮಕೂರಿನ ರಿಪೇರಿಯವರೊಬ್ಬರು ನೋಡಿ, ಪರದೆಗೂ ಬೋರ್ಡಿಗೂ ನಡುವಿನ ಸಂಪರ್ಕ ಸಡಿಲವಾಗಿರಬೇಕು ಎಂದರು. ಆದರೆ ಈ ಕವಚಕ್ಕೆ ಸ್ಕ್ರೂಗಳಿಲ್ಲ, ಬಿಚ್ಚಿದರೆ ಪ್ಲಾಸ್ಟಿಕ್ ಮುರಿಯುವ ಭಯವಿದೆ ಎಂದು ಅವರೇ ಹಿಂಜರಿದರು. ಅಂಕಿಗಳು ಸ್ಪಷ್ಟವಾಗಿ ಓದಲು ಬರುತ್ತಿರುವುದರಿಂದ ಸದ್ಯಕ್ಕೆ ಹಾಗೆಯೇ ಬಳಸುತ್ತಿದ್ದೇನೆ.