ಕ್ಯಾಪ್ಟನ್ ಔಟಾದ ಕೂಡಲೇ ತಂಡ ಕುಸಿಯುತ್ತದೆ: ಹೈಸ್ಕೂಲ್ ಕಬಡ್ಡಿ ಹುಡುಗರಿಗೆ ನಾಯಕತ್ವ ಕಲಿಸುವುದು ಹೇಗೆ?

ಪಿಟಿ ಮೇಷ್ಟ್ರು:
17ರ ಒಳಗಿನ ಹುಡುಗರ ತಂಡ. ಎದುರಾಳಿ ಅಂಕಣಕ್ಕೆ ನುಗ್ಗುವ ಮುಖ್ಯ ರೈಡರ್‌ನೇ ಕ್ಯಾಪ್ಟನ್. ಅವನು ಔಟಾಗಿ ಹೊರಗೆ ಕೂತರೆ ಅಂಕಣದಲ್ಲಿ ಯಾರೂ ಬಾಯಿ ಬಿಡುವುದಿಲ್ಲ, ಸ್ವಲ್ಪ ಹೊತ್ತಿನಲ್ಲೇ ಲೋನಾ (ಇಡೀ ತಂಡ ಔಟ್) ಆಗುತ್ತದೆ. ಸಂಜೆ ಒಂದು ಗಂಟೆ ಅಭ್ಯಾಸಕ್ಕೆ ಸಿಗುತ್ತದೆ. ಭಾಷಣ ಬೇಡ, ಆಡಿಸುತ್ತಲೇ ಕಲಿಸುವಂಥದ್ದು ಹೇಳಿ.

ಎಡ ಕಾರ್ನರ್:
ಸರ್, ಎಲ್ಲರಿಗಿಂತ ಹೆಚ್ಚು ಸಲ ಹೊರಗೆ ಹೋಗುವವನೇ ಮುಖ್ಯ ರೈಡರ್. ಕ್ಯಾಪ್ಟನ್ ಪಟ್ಟ ಅವನಿಗೇ ಇರಲಿ, ಆದರೆ ಡಿಫೆನ್ಸ್ ನಡೆಸುವ ಹೊಣೆ ಕಾರ್ನರ್‌ಗೆ, ಅಂದರೆ ಅಂಚಿನಲ್ಲಿ ನಿಲ್ಲುವ ಡಿಫೆಂಡರ್‌ಗೆ, ಕೊಡಿ. ಇರಾನಿನ ಆಟಗಾರ ಫಜಲ್ ಅತ್ರಾಚಲಿ ಪ್ರೊ ಕಬಡ್ಡಿಯ ಯು ಮುಂಬಾ ತಂಡವನ್ನು ಎಡ ಕಾರ್ನರ್‌ನಲ್ಲಿ ನಿಂತೇ ಮುನ್ನಡೆಸಿದ್ದರು.

ಮಾಡಿಸುವುದು ಹೀಗೆ. ನಾಲ್ವರು ಡಿಫೆಂಡರ್, ಒಬ್ಬ ರೈಡರ್, 30 ಸೆಕೆಂಡ್, ಒಟ್ಟು ಹತ್ತು ರೈಡ್. ಪ್ರತಿ ರೈಡ್‌ಗೂ ಕೂಗುವವನು ಒಬ್ಬನೇ, ಮುಂದಿನ ರೈಡ್‌ಗೆ ಬೇರೆಯವನು. ಇಬ್ಬರು ಕೂಗಿದರೆ ರೈಡರ್‌ಗೆ ಒಂದು ಅಂಕ. ಹಿಡಿಯುವ ಸೂಚನೆ ಮಾತ್ರ ಬಾಯಲ್ಲಿ ಬೇಡ, ರೈಡರ್‌ಗೂ ಕೇಳಿಸುತ್ತದೆ. ಚೈನ್‌ನಲ್ಲಿ (ಕೈ ಹಿಡಿದು ನಿಂತ ಸಾಲಿನಲ್ಲಿ) ಜೊತೆಗಾರನ ಕೈ ಒತ್ತಲಿ. ಕಾಲು ಸಿಕ್ಕ ಮೇಲೆ 'ಬಾ' ಎಂದು ಕೂಗಲಿ.

ಕೂಗು ತಪ್ಪಾದರೂ ಎಲ್ಲರೂ ಪಾಲಿಸಲೇಬೇಕು. ಹಿಡಿತ ಜಾರಿ ರೈಡರ್ ನಡುಗೆರೆ ಮುಟ್ಟಿದರೆ ಅವನನ್ನು ಮುಟ್ಟಿದವರೆಲ್ಲ ಔಟ್. ಇಬ್ಬರು ಅರೆಮನಸ್ಸಿನಿಂದ ಕೈ ಹಾಕಿ, ಉಳಿದಿಬ್ಬರು ಹಿಂದೆ ಸರಿದರೆ ಎರಡು ಅಂಕ ಸುಮ್ಮನೆ ಹೋಗುತ್ತದೆ. ರೈಡ್ ಮುಗಿದ ಮೇಲೆ ಬೈಯಬೇಡಿ, 'ಏನು ನೋಡಿ ಕೈ ಒತ್ತಿದೆ?' ಎಂದಷ್ಟೇ ಕೇಳಿ. 'ಸುಮ್ಮನೆ' ಎಂದರೆ ಅವನು ನೋಡಿಲ್ಲ. 'ಬೆನ್ನು ತಿರುಗಿಸಿದ' ಎಂದರೆ ಕಲಿಯುತ್ತಿದ್ದಾನೆ.

ಟೈಮ್ ಔಟ್:
ಮೇಲಿನದ್ದಕ್ಕೆ ಒಪ್ಪಿಗೆಯಿದೆ. ಆದರೆ ಕ್ಯಾಪ್ಟನ್‌ಗೆ ಬೇರೆ ತರಬೇತಿಯೂ ಬೇಕು. ಅಭ್ಯಾಸ ಪಂದ್ಯವನ್ನು ಸೊನ್ನೆಯಿಂದ ಶುರು ಮಾಡಬೇಡಿ. 'ನಾಲ್ಕು ನಿಮಿಷ ಬಾಕಿ, ಎರಡು ಅಂಕ ಹಿಂದೆ, ಒಳಗೆ ಮೂವರು' ಎಂದು ಹೇಳಿ ಆಡಲು ಬಿಡಿ. ಮೂವರೋ ಅದಕ್ಕಿಂತ ಕಡಿಮೆಯೋ ಇದ್ದಾಗ ಹಿಡಿದರೆ ಸೂಪರ್ ಟ್ಯಾಕಲ್, ಎರಡು ಅಂಕ. ಬೋನಸ್ (ಬೋನಸ್ ಗೆರೆ ದಾಟಿದ ರೈಡರ್‌ಗೆ ಸಿಗುವ ಅಂಕ) ಭಯವೂ ಇಲ್ಲ, ಅದಕ್ಕೆ ಒಳಗೆ ಆರು ಜನ ಬೇಕು. ಇದನ್ನು ಲೆಕ್ಕ ಹಾಕಿ ಹೇಳಬೇಕಾದವನು ಕ್ಯಾಪ್ಟನ್. ಹೊರಗೆ ಕೂತಿದ್ದರೆ ಒಳಗಿರುವ ಉಪನಾಯಕ.

ಟೈಮ್ ಔಟ್ 30 ಸೆಕೆಂಡ್ ಮಾತ್ರ. ಮೊದಲ 20 ಸೆಕೆಂಡ್ ನೀವು ಮಾತಾಡಲೇಬೇಡಿ. ಇದು ನಮ್ಮ ಮೇಷ್ಟ್ರುಗಳಿಗೇ ಬಲು ಕಷ್ಟ! ನಾವು ಕೂಗುತ್ತಿದ್ದಷ್ಟು ಹೊತ್ತು ಹುಡುಗರು ನಮ್ಮ ಮುಖವನ್ನೇ ನೋಡುತ್ತಾರೆ.

ಪಿಟಿ ಮೇಷ್ಟ್ರು:
ಧನ್ಯವಾದ. ನನ್ನ ಕಾರ್ನರ್ ಎಂಟನೇ ತರಗತಿಯವನು. ಹತ್ತನೆಯವರ ಮೇಲೆ ಕೂಗಲು ಹೆದರುತ್ತಾನೆ, ಅವರೂ ಕೇಳುವುದಿಲ್ಲ. ಏನು ಮಾಡಲಿ?

ಎಡ ಕಾರ್ನರ್:
ಅಪ್ಪಣೆ ಕೊಡುವ ಕೆಲಸ ಈಗಲೇ ಬೇಡ, ಎಣಿಕೆ ಕೊಡಿ. ರೈಡ್‌ನಲ್ಲಿ 20 ಸೆಕೆಂಡ್ ಆದಾಗ 'ಹತ್ತು!' ಎಂದು ಕೂಗಲಿ. ಎದುರಾಳಿಯ ಎರಡು ರೈಡ್ ಖಾಲಿ ಹೋದರೆ 'ಮೂರನೇದು!' ಎನ್ನಲಿ. ಡೂ ಆರ್ ಡೈ ನಿಯಮ (ಮೂರನೇ ರೈಡ್‌ನಲ್ಲಿ ಅಂಕ ಬರದಿದ್ದರೆ ರೈಡರ್ ಔಟ್) ಇರುವ ಕಡೆ ಅಷ್ಟು ತಿಳಿದರೆ ಸಾಕು, ರೈಡರ್ ಒಳಗೆ ಬರಲೇಬೇಕು. ಎಣಿಕೆಗೆ ದೊಡ್ಡ ಹುಡುಗರು ಮುನಿಸಿಕೊಳ್ಳುವುದಿಲ್ಲ, ಅವರಿಗೂ ಅದು ಬೇಕು. ಎರಡು ವಾರದಲ್ಲಿ ದನಿ ಗಟ್ಟಿಯಾಗುತ್ತದೆ. ಆಮೇಲೆ ಕೈ ಒತ್ತುವ ಹೊಣೆ ಕೊಡಿ, ಪಕ್ಕದ ಕವರ್ ಸ್ಥಾನಕ್ಕೆ (ಕಾರ್ನರ್‌ನ ಒಳಬದಿಗೆ) ಹತ್ತನೇ ತರಗತಿಯವನನ್ನೇ ನಿಲ್ಲಿಸಿ.