ಯೆಜ್ಡಿ ಕ್ರ್ಯಾಂಕ್ ಸವೆದಿದೆಯಾ? ಬಿಚ್ಚಿ ನೋಡಿದವರು ಹೇಳಿ

ಕೇಳಿದ್ದು: ಅಪ್ಪನ ಯೆಜ್ಡಿ ರೋಡ್‌ಕಿಂಗ್ ಬೈಕ್ ಹದಿನೈದು ವರ್ಷ ಕೊಟ್ಟಿಗೆಯಲ್ಲಿ ನಿಂತಿತ್ತು. ಈಗ ಇಂಜಿನ್ ಪೂರ್ತಿ ಬಿಚ್ಚಿದ್ದೇನೆ. ಪಿಸ್ಟನ್ನನ್ನು ಕ್ರ್ಯಾಂಕಿಗೆ (ಪಿಸ್ಟನ್ ತಿರುಗಿಸುವ ಶಾಫ್ಟಿಗೆ) ಜೋಡಿಸುವ ಕಾನ್‌ರಾಡ್ ಅಲ್ಲಾಡುತ್ತಿದೆ. ಮೆಕ್ಯಾನಿಕ್ 'ಕ್ರ್ಯಾಂಕ್ ಹೋಗಿದೆ, ಬೇರೆ ಹಾಕಿಸಿ' ಅಂತಾರೆ. ನಿಜವಾಗಿ ಸವೆದಿದೆಯಾ ಅಂತ ನಾನೇ ನೋಡಿಕೊಳ್ಳೋದು ಹೇಗೆ?

ಮೈಸೂರಿನಿಂದ: ಯಾವ ಕಡೆಗೆ ಅಲ್ಲಾಡುತ್ತಿದೆ ಸರ್? ಎಡಕ್ಕೆ ಬಲಕ್ಕೆ ಸ್ವಲ್ಪ ಓಲಾಡಿದರೆ ಗಾಬರಿ ಬೇಡ, ಅಷ್ಟು ಇರಲೇಬೇಕು. ನೋಡಬೇಕಾದ್ದು ಮೇಲೆ ಕೆಳಗೆ.

ನನ್ನ ಮೊದಲ ಜಾವಾದಲ್ಲಿ ನಾನು ಇಲ್ಲೇ ಎಡವಿದೆ. ಹೊರಗೆ ತೆಗೆದ ಕ್ರ್ಯಾಂಕನ್ನು ಹಾಗೇ ಹಿಡಿದು ರಾಡ್ ಎಳೆದೆ, ಗಟ್ಟಿಯಾಗಿತ್ತು. ಜೋಡಿಸಿಬಿಟ್ಟೆ. ಮುನ್ನೂರು ಕಿಲೋಮೀಟರ್ ಓಡುವಷ್ಟರಲ್ಲಿ ಕಟಕಟ ಶುರು. ಒಳಗಿದ್ದ ಹಳೇ ಜಿಡ್ಡು ಸಡಿಲವನ್ನು ಮುಚ್ಚಿಟ್ಟಿತ್ತು. ಈಗ ಒಂದು ರಾತ್ರಿ ಸೀಮೆಎಣ್ಣೆಯಲ್ಲಿ ನೆನೆಹಾಕಿ, ಪೆಟ್ರೋಲಿನಲ್ಲಿ ತೊಳೆದು, ಪೂರ್ತಿ ಒಣಗಿಸಿಯೇ ನೋಡೋದು. (ಗಾಳಿ ಹೊಡೆಯುವಾಗ ರಾಡ್ ಗಿರ್ರನೆ ತಿರುಗದ ಹಾಗೆ ಹಿಡ್ಕೊಳ್ಳಿ, ರಾಡ್ ಬುಡದ ಬೇರಿಂಗಿನ ರೋಲರ್ ಎಣ್ಣೆ ಇಲ್ಲದೆ ಗೀರಿಕೊಳ್ಳುತ್ತೆ.) ಎರಡೂ ಕೈಯಲ್ಲಿ ರಾಡ್ ಹಿಡಿದು ನೇರವಾಗಿ ಎಳೆದು ಒತ್ತಿ. ಟಕ್ ಅಂತ ಕೈಗೆ ಗೊತ್ತಾದರೆ ಮುಗೀತು, ರಾಡ್ ಕೂರುವ ಕ್ರ್ಯಾಂಕ್ ಪಿನ್ ಬಿಚ್ಚಬೇಕು. ಕ್ರ್ಯಾಂಕನ್ನು ಕಾಲು ಕಾಲು ಸುತ್ತು ತಿರುಗಿಸಿ ಮತ್ತೆ ಮತ್ತೆ ನೋಡಿ. ಪಿನ್ ಸುತ್ತಲೂ ಒಂದೇ ಸಮ ಸವೆಯಲ್ಲ. ನಿಧಾನಕ್ಕೆ ತಿರುಗಿಸಿದಾಗ ಮರಳು ಸಿಕ್ಕ ಹಾಗೆ ಕರಕರ ಅಂದರೆ ರೋಲರಿಗೆ ತುಕ್ಕು. ಇಷ್ಟು ವರ್ಷ ನಿಂತ ಗಾಡಿಗೆ ನನ್ನ ಅನುಮಾನ ಇದರ ಮೇಲೇ.

ಯೆಜ್ಡಿ ಕ್ರ್ಯಾಂಕ್ ಪ್ರೆಸ್‌ನಲ್ಲಿ ಒತ್ತಿ ಕೂರಿಸಿದ್ದು. ಬಿಡಿಸದೆ ಪಿನ್ ಅಳೆಯೋಕೆ ಆಗಲ್ಲ. ಆದರೆ ಪಿನ್, ರೋಲರ್, ರಾಡ್ ಮಾತ್ರ ಬದಲಾಯಿಸಬಹುದು. ಇಡೀ ಕ್ರ್ಯಾಂಕ್ ಯಾಕೆ ಎಸೀಬೇಕು?

ತುಮಕೂರಿನಿಂದ: ಎರಡು ಕಡೆಯ ಶಾಫ್ಟ್ ಮರೀಬೇಡಿ. ಎಣ್ಣೆ, ಗಾಳಿ ತಡೆಯುವ ರಬ್ಬರ್ ಸೀಲ್ ಉಜ್ಜುವ ಜಾಗದಲ್ಲಿ ಉಗುರು ಅಡ್ಡ ಎಳೆಯಿರಿ. ಸಿಕ್ಕಿಕೊಂಡರೆ ಶಾಫ್ಟ್ ಸವೆದು ಕೊರಕಲು ಬಿದ್ದಿದೆ ಅಂತ ಅರ್ಥ, ಹೊಸ ಸೀಲ್ ಹಾಕಿದರೂ ಸೋರುತ್ತೆ. ಕ್ಲಚ್ ಕಡೆ ಸೋರಿದರೆ ಗೇರ್ ಆಯಿಲ್ ಎಳೆದುಕೊಂಡು ಬಿಳಿ ಹೊಗೆ. ಡೈನಮೋ ಕಡೆ ಸೋರಿದರೆ ಗಾಳಿ ಎಳೆದು ಇಂಜಿನ್ ಕಾಯುತ್ತೆ. ಬೇರಿಂಗ್ ಕೂರುವ ಜಾಗವನ್ನು ಮೈಕ್ರೋಮೀಟರಿನಲ್ಲಿ ಅಳೆಯಿರಿ: ಒಂದು ಸಲ ಹೀಗೆ, ಒಂದು ಸಲ ಅದಕ್ಕೆ ಅಡ್ಡ, ಆಮೇಲೆ ಇನ್ನೊಂದು ತುದಿಯಲ್ಲಿ. 0.01 ಮಿ.ಮೀ. ಲೆಕ್ಕಕ್ಕೆ ವರ್ನಿಯರ್ ನಂಬಬೇಡಿ.

ಹುಬ್ಬಳ್ಳಿಯಿಂದ: ನಂದು ಹಳೇ ಬುಲೆಟ್ ರೀ. ಅದರಾಗ ರೋಲರ್ ಅಲ್ಲ, ಫ್ಲೋಟಿಂಗ್ ಬುಷ್, ಅಂದ್ರ ಸಡಿಲಾಗಿ ತಿರುಗೋ ಬಳಿ. ಕೂದಲೆಳೆಯಷ್ಟು ಸಡಿಲ ಇರಬೇಕು. ನಿಮ್ಮ ಲೆಕ್ಕ ಅದಕ್ಕ ಹಚ್ಚಬ್ಯಾಡ್ರಿ. ಆದರ ಒಂದು ಮಾತು ಎರಡಕ್ಕೂ ಹೊಂದತೈತಿ: ಪಿನ್ ಒತ್ತಿಸಿದ ಮ್ಯಾಲೆ ಡಯಲ್ ಗೇಜ್ (ಓಲಾಟ ಅಳೆಯೋ ಮುಳ್ಳಿನ ಮಾಪಕ) ಹಚ್ಚಿ ಎರಡೂ ಶಾಫ್ಟ್ ಒಂದೇ ಗೆರೆಯಾಗ ಅದಾವೇನು ನೋಡ್ರಿ. ನೀವು ಎದುರಿಗೇ ನಿಂತು ನೋಡ್ರಿ. ನಾನು ಓಲಾಟ 0.03 ಮಿ.ಮೀ. ದಾಟಿದ್ರ ವಾಪಸ್ ಕೊಡ್ತೀನಿ.

ಕೇಳಿದವರು: ತೊಳೆದು ನೋಡಿದೆ. ಮೇಲೆ ಕೆಳಗೆ ಏನೂ ಇಲ್ಲ, ಆದರೆ ಕರಕರ ಇದೆ. ಕ್ಲಚ್ ಕಡೆ ಉಗುರೂ ಸಿಕ್ಕಿಕೊಳ್ತು. ಸೋಮವಾರ ಲೇತ್ ಅಂಗಡಿಗೆ ಒಯ್ತೀನಿ.